ಮೂರು ಬೆರಳಿನ ಇಟ್ಟಿಗೆ

ಅಮೆರಿಕದ ಸವಾನಾ ಊರಿಗೆ ನದಿಯ ಕಡೆಯಿಂದ ಬಂದ ಮಳೆ ಸಂಜೆ ಹೊತ್ತಿಗೇ ಕರೆಂಟು ಕಿತ್ತುಕೊಂಡು ಹೋಗಿತ್ತು. ಪ್ರಾರ್ಥನೆ ಮುಗಿಸಿ ಹೊರಟವರೆಲ್ಲ ಲುವೀನಿಯಾಜ್ಜಿಯ ಜಗಲಿಯಲ್ಲಿ ಸಿಕ್ಕಿಬಿದ್ದರು. ಎದುರಿನ ಚೌಕದ ಹಳೇ ಬಂಗಲೆಗಳು ನೆನೆಯುತ್ತ ನಿಂತಿದ್ದವು. ಎಷ್ಟು ಚೆಂದ ಕಟ್ಟಿದಾರೆ ಅಂತ ಯಾರೋ ಅಂದದ್ದೇ ತಡ, ಅಜ್ಜಿ ಕುರ್ಚಿ ತೂಗುವುದನ್ನು ನಿಲ್ಲಿಸಿದಳು.

"ಚೆಂದ ಇವೆ, ಇಲ್ಲ ಅನ್ನಲ್ಲ. ಅಂಥದೊಂದನ್ನ ಕೆಡವಿದಾಗ ಏನಾಯ್ತು ಅಂತ ಗೊತ್ತೇನ್ರೋ? ಆಮೇಲೆ ನಿದ್ದೆ ಬರಲಿಲ್ಲ ಅಂತ ನನ್ನ ಬೈಯೋ ಹಾಗಿಲ್ಲ...

"ನಮ್ಮಕ್ಕ ಡೋರ್ಕಸ್‌ಗೆ ಆಗಿದ್ದು ಇದು. ಅವಳ ಗಂಡ ಐಸಮ್ ಗಾರೆ ಕೆಲಸದವನು. ಆಗೆಲ್ಲ ಬಂಗಲೆಗಳನ್ನ ಬರೀ ಇಟ್ಟಿಗೆ ಆಸೆಗೆ ಕೆಡವ್ತಿದ್ರು. ಬೂದು ಇಟ್ಟಿಗೆ... ನಮ್ಮೋರು ಗುಲಾಮರಾಗಿದ್ದಾಗ ಈ ನದಿ ಮಣ್ಣು ತುಳಿದು ಮಾಡಿದ್ದು. ನಡೆಯೋಕೆ ಬಂದ ಕೂಸುಗಳ ಕೈಲೂ ಹಸಿ ಇಟ್ಟಿಗೆ ಹೊರಿಸೋರು. ಐಸಮ್ ಒಂದು ಗಾಡಿ ತುಂಬಾ ತಂದು ಅಡುಗೆಮನೇಲಿ ಬೆಂಕಿಗೂಡು ಕಟ್ಟಿದ. ಅಕ್ಕ ಆಗ ತುಂಬು ಬಸುರಿ. ಒಂದು ಇಟ್ಟಿಗೆ ಮೇಲೆ ಮೂರು ಬೆರಳಿನ ಗುರುತು, ಇಷ್ಟೇ ಇಷ್ಟು. ಅಕ್ಕ ದಿನಾ ಅದನ್ನ ಸವರಿ, 'ಯಾರ ಮಗುನೋ ನೀನು, ಪುಟ್ಟಾ' ಅನ್ನೋಳು. ಕೇಳಬಾರದಾಗಿತ್ತು... ಕೇಳಿಬಿಟ್ಳು.

"ಮಳೆ ಹಿಡೀತು ನೋಡಿ, ಒಂದು ಮಧ್ಯಾಹ್ನ ಗೂಡಿನ ಒಳಗಿಂದ ಪಟ್... ಪಟ್... ಹಸಿ ಮಣ್ಣನ್ನ ಅಂಗೈಲಿ ತಟ್ಟಿದ ಹಾಗೆ. ಹೋಗಿ ನೋಡಿದ್ರೆ ಮೂರು ಬೆರಳಿದ್ದ ಕಡೆ ಇಡೀ ಅಂಗೈ ಮೂಡಿದೆ! ಬಸುರಿ ಕಣ್ಣಿಗೆ ಗೋಡೇಲೂ ಮಕ್ಕಳೇ ಕಾಣ್ತವೆ ಅಂತ ಐಸಮ್ ನಕ್ಕ. ಮಾರನೇ ದಿನ ಅವಳು ಮಲಗಿ ಎದ್ದರೆ ಹೊಟ್ಟೆ ಮೇಲೆ ಬಟ್ಟೆಗೆ ಕೆಸರಿನ ಪುಟ್ಟ ಕೈ ಅಂಟಿದೆ. ತಣ್ಣಗೆ, ಒದ್ದೆಯಾಗಿ. ಒಳಗಿನ ಕೂಸು ಅಲ್ಲಾಡ್ತಾನೇ ಇಲ್ಲ...

"ಐಸಮ್ ಆಗ ನಗಲಿಲ್ಲ. ಸುತ್ತಿಗೆ ತಗೊಂಡು ಗೂಡು ಒಡೆದ, ಒಂದು ಚೂರೂ ಬಿಡದೆ ನದಿಗೆ ಸುರಿದು ಬಂದ. ಬಂದವನು ಬಾಗಿಲಲ್ಲೇ ಕೂತ. 'ಕೊನೇ ಇಟ್ಟಿಗೆ ನನ್ನ ಬೆರಳು ಹಿಡ್ಕೊಂಡಿತ್ತು ಲುವೀನಿಯಾ, ಬಿಡಿಸ್ಕೊಂಡು ಎಸೆದೆ' ಅಂದ. ಅವತ್ತೇ ಅಕ್ಕನ ಹೊಟ್ಟೇಲಿ ಕೂಸು ಒದೀತು. ಗಂಡು, ಗಟ್ಟಿಮುಟ್ಟಾಗೇ ಹುಟ್ಟಿತು.

"ಅಲ್ಲಿಗೆ ಮುಗೀತು ಅಂದ್ಕೊಂಡ್ರಾ? ನಾವೂ ಹಾಗೇ ಅಂದ್ಕೊಂಡ್ವಿ... ಬಲಗಡೆ ಮಗೂಗೆ ಹಾಲು ಕೊಡ್ತಿದ್ದ ಅಕ್ಕ ಒಂದಿನ ನನ್ನ ಕೂಗಿ ಕರೆದು, 'ಎಡಗಡೆ ಇನ್ನೊಂದು ಕುಡೀತಿದೆ ಕಣೇ' ಅಂದ್ಳು. ನಾನು ನೋಡ್ದೆ. ಯಾರೂ ಇಲ್ಲ. ಆದರೆ ಅವಳ ಅಂಗಿ ಯಾರೋ ಮುಷ್ಟಿ ಹಿಡಿದು ಎಳೆದ ಹಾಗೆ ಕೆಳಕ್ಕೆ ಜಗ್ಗಿತ್ತು. ಬಿಟ್ಟಾಗ ಅಲ್ಲಿ ಬೂದು ಕೆಸರು.

"ಪಾದ್ರಿ ಬಂದ್ರು, ಪ್ರಾರ್ಥನೆ ಮಾಡಿದ್ರು. ದೆವ್ವ ಒಳಗೆ ಬರಬಾರದು ಅಂತ ಬಾಗಿಲಿಗೆ ನೀಲಿ ಬಣ್ಣ ಬಳಿದ್ವಿ. ಅದು ಹೊರಗಿದ್ರೆ ತಾನೇ ತಡೆಯೋಕೆ? ಮಳೆ ಬಂದ್ರೆ ಸಾಕು, ಅದೂ ಬರೋದು. ಹೆದರಿ ಹೆದರಿ ಸೋತು ಕೊನೆಗೊಂದಿನ ಎಡಗೈ ಮಡಚಿ ತೊಟ್ಟಿಲ ಹಾಗೆ ಹಿಡಿದು, 'ಕುಡಿ ಮಗಾ' ಅಂದ್ಳು. ಅಷ್ಟೇ. ಅವಳಿಗೆ ವಯಸ್ಸಾಯ್ತು, ಹಾಲು ಬತ್ತಿತು, ಮಗನಿಗೆ ಮೊಮ್ಮಕ್ಕಳಾದ್ರು... ಮಳೆ ಬಂದಾಗ ಮಾತ್ರ ಹಾಗೇ ಕೂತ್ಕೊಳ್ಳೋಳು. ಹೋದ ವರ್ಷ ತೀರಿಕೊಂಡ್ಳಲ್ಲ, ಆ ಕೈ ನೇರ ಮಾಡೋಕೆ ನಮ್ಮಿಂದಾಗಲಿಲ್ಲ. ಹಾಗೇ ಮಣ್ಣು ಮಾಡಿದ್ವಿ.

"ಅವಳೇನೋ ಹೋದ್ಳು. ಅದರ ಹಸಿವು ಎಲ್ಲಿಗೆ ಹೋಗುತ್ತೆ?"

ಅಜ್ಜಿ ಮೂಲೆಯ ಕಡೆ ತಿರುಗಿದಳು. ಅಲ್ಲಿ ಮೊಮ್ಮಗನ ಹೆಂಡತಿ ಲೊರೀನ್, ಹಸಿ ಬಾಣಂತಿ, ಹೊದ್ದ ಶಾಲಿನೊಳಗೆ ಬಲಗಡೆ ಮಗುವಿಗೆ ಹಾಲು ಕೊಡುತ್ತಿದ್ದಳು. ಅವಳ ಕಣ್ಣು ಶಾಲಿನ ಎಡಗಡೆಗೆ ನೆಟ್ಟಿತ್ತು.

"ಮೊನ್ನೆ ಮಳೇಲಿ ಅಂಗಿ ಮೇಲೆ ಕೆಸರು ಎಲ್ಲಿಂದ ಬಂತಜ್ಜಿ ಅಂತ ಕೇಳ್ದೆಯಲ್ಲ, ತಾಯಿ..." ಅಜ್ಜಿ ಮೆಲ್ಲಗೆ ಅಂದಳು. "ಕಿರುಚಬೇಡ. ತಳ್ಳಲೂ ಬೇಡ. ಕುಡಿಯೋವರೆಗೂ ಸುಮ್ನೆ ಕೂತಿರು."