ಬಾಗಿಲು ಕಳಚದ ಫ್ರಿಜ್ಜು

ಮೊದಲು ಆ ಟಾರ್ಚ್ ಆರಿಸು. ಕರೆಂಟ್ ಬಂದಾಗ ಬರಲಿ. ಮುಖಕ್ಕೆ ಬೆಳಕು ಹಿಡಿದರೆ ನನಗೆ ಮಾತು ಹೊರಡುವುದಿಲ್ಲ. ಮತ್ತೆ, ನಡುವೆ ಕಿಸಕ್ಕಂತ ನಗುವವರು ಈಗಲೇ ಎದ್ದು ಒಳಗೆ ಹೋಗಿ ಮಲಗಿ. ಇದು ಯಾರೋ ಎಲ್ಲೋ ಕೇಳಿದ್ದಲ್ಲ. ಬಸ್ರೂರಿನಲ್ಲಿ, ನನ್ನ ದೊಡ್ಡಮ್ಮನ ಮಗಳು ವಿನಯಾಳ ಮನೆಯಲ್ಲಿ ಹೋದ ಬೇಸಿಗೆ ಆದದ್ದು.

ವಿನಯಾಳ ಗಂಡ ಭೋಜರಾಜ. ಕುಂದಾಪುರದಲ್ಲಿ ಸಣ್ಣ ಕ್ಯಾಂಟೀನು. ರಾತ್ರಿ ಬಸ್ಸಿಗೆ ಬಂದು ಆಲದಮರದ ಹತ್ತಿರ ಇಳಿದು, ಹಳೇ ಬಾವಿ ದಾಟಿ, ಗದ್ದೆ ಅಂಚಿನ ಮೇಲೆ ಮನೆಗೆ ನಡೆಯುವುದು. ಆ ಬಾವಿಕಟ್ಟೆಯ ಪಕ್ಕ ಒಂದು ಫ್ರಿಜ್ಜು ನಿಂತಿತ್ತು. ಅವನೇ ತಂದು ನಿಲ್ಲಿಸಿದ್ದು.

ಅವನ ಸೋದರಮಾವ ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದಾಗ ಹಳೇ ಸಾಮಾನಿನ ಅಂಗಡಿಯಿಂದ ತಂದ ಫ್ರಿಜ್ಜು ಅದು. ಅದಕ್ಕೂ ಮೊದಲು ಯಾರ ಮನೆಯಲ್ಲಿತ್ತೋ ಮಾವನಿಗೂ ಗೊತ್ತಿರಲಿಲ್ಲ. ಮೋಟಾರು ಸತ್ತ ಮೇಲೆ ವಿನಯಾ ಅದರಲ್ಲಿ ಅಕ್ಕಿ ಇಡುತ್ತಿದ್ದಳು, ಇಲಿ ಬರುವುದಿಲ್ಲ ಅಂತ. ಹೊಸ ಕಪಾಟು ಬಂದಾಗ ಇದು ಹೊರಗೆ ಬಿತ್ತು. ಈಗಿನ ಫ್ರಿಜ್ಜಿನ ಹಾಗೆ ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಬಾಗಿಲಲ್ಲ ಮಾರಾಯ್ರೆ. ಕಬ್ಬಿಣದ ಹಿಡಿ. 'ಕಟಕ್' ಅಂತ ಬಿದ್ದರೆ ಹೊರಗಿನವರೇ ತೆಗೆಯಬೇಕು.

"ಬಾಗ್ಲ್ ಕಳ್ಚಿ ಇಡಿ. ಮಕ್ಳ್ ಮರಿ ಓಡಾಡು ಜಾಗ" ಅಂತ ವಿನಯಾ ಹೇಳಿದ್ದಳು.

"ಬಾಗ್ಲಿಲ್ದಿದ್ರೆ ಗುಜರಿಯವ ಮೂಸೂದಿಲ್ಲ. ನಾಳೆ ಬತ್ತ ಅವ, ಸುಮ್ನಿರ್" ಅಂದಿದ್ದ ಇವ.

ಆ ನಾಳೆ ಬರಲೇ ಇಲ್ಲ.

ಆ ರಾತ್ರಿ ಬಸ್ಸು 'ಗುರ್ರ್' ಅಂತ ತಿರುವಿನಲ್ಲಿ ಮರೆಯಾಯಿತು. ಊರಿಡೀ ಕರೆಂಟಿಲ್ಲ. ತರಗೆಲೆಯ ಮೇಲೆ ಇವನ ಚಪ್ಪಲಿ 'ಚರ್... ಚರ್...'. ಬಾವಿಕಟ್ಟೆಯ ಹತ್ತಿರ ಬಂದದ್ದೇ, ಅಷ್ಟು ಹೊತ್ತು ಕಿರ್ರೋ ಅನ್ನುತ್ತಿದ್ದ ಜೀರುಂಡೆಗಳು ಒಟ್ಟಿಗೇ ನಿಂತವು. ಆಗ...

"ಹ್ವಾಯ್..."

ಒಂದೇ ಸರ್ತಿ.

ವಿನಯಾ ಕರೆಯುವ ಧಾಟಿಯೇ. ಅವಳು ಗಂಡನ ಹೆಸರು ಹಿಡಿದು ಕರೆದವಳಲ್ಲ, ಬೆಳಗಿಂದ ಸಂಜೆಯವರೆಗೂ ಹ್ವಾಯ್, ಹ್ವಾಯ್. ಧಾಟಿ ಅವಳದು, ಗಂಟಲು ಮಾತ್ರ ಸಣ್ಣ ಹೆಣ್ಣುಮಗುವಿನದು.

ಭೋಜರಾಜನಿಗೆ 'ಓ' ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ. ಕತ್ತಲಾದ ಮೇಲೆ ಒಂದೇ ಕರೆಗೆ ಓಗೊಡಬಾರದು, ನಿಮಗೂ ಅಜ್ಜಿ ಹೇಳಿರಬೇಕಲ್ಲ. ಮನುಷ್ಯರಾದರೆ ಮತ್ತೆ ಮತ್ತೆ ಕರೆಯುತ್ತಾರೆ. ಅವಕ್ಕೆ ಒಂದೇ ಸರ್ತಿ ಕರೆಯಲು ಬರುವುದು. ಇವ ನಿಂತ. ಎರಡನೆಯದು ಬರುತ್ತದಾ ಅಂತ ಕಿವಿಗೊಟ್ಟ...

ಬರಲಿಲ್ಲ.

ಅಲ್ಲಿಂದ ತಿರುಗಿಯೂ ನೋಡದೆ ಓಡಿದ. ಮನೆ ಅಂಗಳಕ್ಕೆ ಬಂದರೆ ಪಕ್ಕದ ಮನೆಯ ಪೂಜಿತಾ ನೆಲಕ್ಕೆ ಕೂತು ಅಳುತ್ತಿದ್ದಾಳೆ. ವಿನಯಾ ಅವಳ ಬೆನ್ನು ಸವರುತ್ತಿದ್ದಾಳೆ.

"ಹ್ವಾಯ್, ಪೂಜಿತನ ಮಗ್ಳ್ ದೀಕ್ಷಾ ಕಾಂತಿಲ್ಲೆ. ಕರೆಂಟ್ ಹೋದಲ್ಲಿಂದ ಇಲ್ಲೆ. ಮಕ್ಳೆಲ್ಲ ಅಡಗೂ ಆಟ ಆಡ್ತಿದ್ವಂಬ್ರ್. ಗಂಡಸ್ರೆಲ್ಲ ಹೊಳೆ ಬದಿಗ್ ಹುಡ್ಕೂಕೆ ಹೋಯಿರ್."

ದೀಕ್ಷಾಳಿಗೆ ಆರು ವರ್ಷ. ಇವ ವಿನಯಾಳನ್ನು ಮೆಲ್ಲ ಈಚೆ ಕರೆದ. ಪಿಸುಮಾತು.

"ಬಾವಿ ಹತ್ರ... ಯಾರೋ ಕರ್ದಾಂಗ್ ಆಯ್ತ್."

"ಯಾರ್?"

"ಸಣ್ ಹೆಣ್ಣಿನ್ ಸ್ವರ. ಒಂದೇ ಸರ್ತಿ. ನಾ ಓ ಅಂದಿಲ್ಲೆ..."

ವಿನಯಾ ಅವನ ಮುಖವನ್ನೇ ನೋಡಿದಳು. ಆಮೇಲೆ ಅವಳ ಬಾಯಿಂದ ಬಂದ ಮಾತು ನಾನು ಸಾಯುವವರೆಗೆ ಮರೆಯುವುದಿಲ್ಲ.

"ಒಂದ್ ಸರ್ತಿ ಕರ್ದ್ರೆ ದೆವ್ವ ಅಂಬ್ರಾ? ಎರಡ್ನೇ ಸರ್ತಿ ಕರೂಕೆ ಮಗೀಗೆ ಉಸ್ರ್ ಬೇಡ್ದಾ?"

ಸೆರಗು ಸಿಕ್ಕಿಸಿ ಓಡಿದಳು. ಹಿಂದೆ ಇವ, ಇವನ ಹಿಂದೆ ಪೂಜಿತಾ. ಫ್ರಿಜ್ಜಿನ ಹಿಡಿಗೆ ಕೈ ಹಾಕಿ ಎಳೆದಳು. 'ಕಟಕ್'. ರಬ್ಬರು 'ಚಪ್ಪ್' ಅಂತ ಬಿಟ್ಟುಕೊಂಡಿತು. ಒಳಗೆ ದೀಕ್ಷಾ... ಮೊಣಕಾಲು ಮಡಚಿ, ಬೆವರಿನಲ್ಲಿ ತೊಯ್ದು, ಕಣ್ಣು ಮುಚ್ಚಿ. ಅಷ್ಟೇ ಅಷ್ಟು ಜಾಗದಲ್ಲೂ ಒಂದು ಬದಿಗೆ ಒತ್ತಿಕೊಂಡು ಕೂತಿತ್ತು ಮಗು. ವಿನಯಾ ಎಳೆದು ಎದೆಗೆ ಹಾಕಿಕೊಂಡು ಬೆನ್ನು ತಟ್ಟಿದಳು. ಉಸಿರಿಲ್ಲ... ಇಲ್ಲ... ಮತ್ತೊಮ್ಮೆ ತಟ್ಟಿದಳು. 'ಹಕ್' ಅಂತ ಒಂದು ಸದ್ದು. ಆಮೇಲೆ ಊರು ಕೇಳುವ ಹಾಗೆ ಅಳು.

ದೇವರು ದೊಡ್ಡವನು ಮಾರಾಯ್ರೆ. ಪೂಜಿತಾ ಮಗುವನ್ನು ತಬ್ಬಿಕೊಂಡು ಎಲ್ಲರಿಗೂ ಕೈ ಮುಗಿಯುತ್ತಿದ್ದಳು. ಭೋಜರಾಜ ಮಾತ್ರ ಬಾವಿಕಟ್ಟೆಯ ಮೇಲೆ ಕುಸಿದು ಕೂತು, ಕೇಳಿಯೂ ಓಡ್ ಬಂದೆ ಅಲ್ದಾ, ಕೇಳಿಯೂ ಓಡ್ ಬಂದೆ ಅಲ್ದಾ ಅಂತ ಹಣೆ ಬಡಿದುಕೊಂಡ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಹೊತ್ತಲ್ಲಿ ಹೇಳುತ್ತಲೇ ಇರಲಿಲ್ಲ.

ಆಸ್ಪತ್ರೆಯಿಂದ ಬಂದ ಮರುದಿನ ದೀಕ್ಷಾ ಜಗಲಿಯಲ್ಲಿ ಕೂತು ಗಂಜಿ ಉಣ್ಣುತ್ತಿತ್ತು. ಭೋಜರಾಜ ಹತ್ತಿರ ಹೋಗಿ ಕೂತ. ನಾನೂ ಅಲ್ಲೇ ಇದ್ದೆ.

"ಮಗಾ, ನೀ ಇನ್ನೊಂದ್ ಸರ್ತಿ ಕರೂಕಾಗಿತ್ತಲ್ದಾ?"

"ನಾ ಕರ್ದೇ ಇಲ್ಲೆ ಮಾವ."

"ಹಾಂಗಾರೆ ಕರ್ದದ್ ಯಾರ್?"

"ಅಕ್ಕ."

ಪೂಜಿತಾಳಿಗೆ ದೀಕ್ಷಾ ಒಬ್ಬಳೇ ಮಗಳು. ಮಗು ಗಂಜಿ ಕುಡಿಯುತ್ತಲೇ ಹೇಳಿತು.

"ನಾ ಕೂಗೂಕೆ ಹೊರಟ್ರೆ 'ಶ್...' ಅಂದ್ ನನ್ ಬಾಯ್ ಮೇಲೆ ಕೈ ಇಟ್ಲ್. ಬಾಗ್ಲ್ ಒದೂಕೂ ಬಿಡ್ಲಿಲ್ಲ. ಕಡಿಗೆ ಅವ್ಳೇ ಕರ್ದ್ಲ್."

ವಿನಯಾ ಮೆಲ್ಲ ಕೇಳಿದಳು. "ಅಕ್ಕ ಈಗ ಎಲ್ಲಿತ್ತ್ ಮಗಾ?"

"ಅಲ್ಲೇ ಇತ್ತ್. ಅವ್ಳನ್ನ ಯಾರೂ ಬಾ ಅಂದಿಲ್ಲೆ ಅಲ್ದಾ."

ಬೊಂಬಾಯಿಯಲ್ಲಿ ಯಾವ ಕಾಲಕ್ಕೋ ಅದೇ ಫ್ರಿಜ್ಜಿನೊಳಗೆ ಸಿಕ್ಕಿಬಿದ್ದು ಸತ್ತ ಮಗುವಿರಬೇಕು ಆ ಅಕ್ಕ. ದೀಕ್ಷಾಳ ಉಸಿರು ಉಳಿಸಿದ್ದು ಅದು. ತನ್ನದೊಂದೇ ಕರೆಯನ್ನು ಯಾರೋ ಬರುವವರೆಗೆ ಕಾದು ಇಟ್ಟುಕೊಂಡಿತ್ತು. ಅಷ್ಟು ವರ್ಷ ವಿನಯಾಳ ಅಡುಗೆಮನೆಯಲ್ಲಿದ್ದು ಅದಕ್ಕೆ ಬಂದ ಕನ್ನಡ ಆ ಒಂದು ಹ್ವಾಯ್. ಕರೆದದ್ದು ಯಾರಿಗೆ ಹೇಳಿ? ಕೇಳಿಯೂ ಓಡಿಹೋದವನಿಗೆ. ನೆನೆಸಿಕೊಂಡರೆ ನನಗೆ ಹೆದರಿಕೆಗಿಂತ ಹೆಚ್ಚು ಅಳು ಬರುತ್ತದೆ.

ಆ ಸಂಜೆಯೇ ಭೋಜರಾಜ ಬಾಗಿಲು ಕಳಚಿ, ಸುತ್ತಿಗೆಯಿಂದ ಹಿಡಿ ಜಜ್ಜಿದ. ಫ್ರಿಜ್ ರಿಪೇರಿಯವನನ್ನು ಕರೆಸಿ ಹಿಂದಿನ ಮೋಟಾರು, ಗ್ಯಾಸಿನ ಪೈಪು ಎಲ್ಲ ಜಾಗ್ರತೆಯಲ್ಲಿ ಬಿಚ್ಚಿಸಿ ಗುಜರಿಗೆ ಕೊಟ್ಟ. ಗುಜರಿಯವ ಪೆಟ್ಟಿಗೆಯನ್ನೂ ಕೇಳಿದ. ವಿನಯಾ ಕೊಡಲಿಲ್ಲ. "ಅದ್ ಇಲ್ಲೇ ಇರ್ಲಿ" ಅಂದಳು. ಮನೆಯ ಹಿಂದೆ ಅಂಗಾತ ಮಲಗಿಸಿ, ತಳಕ್ಕೆ ತೂತು ಹೊಡೆಸಿ, ಮಣ್ಣು ತುಂಬಿಸಿ, ಬಸಳೆ ನೆಟ್ಟಳು.

ಬಸಳೆ ಏನು ಬಂದಿದೆ ಅಂತೀರಿ! ಒಂದೊಂದು ಎಲೆ ಅಂಗೈಯಷ್ಟು. ಆದರೆ ಒಂದು ಮೂಲೆಯಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಮಣ್ಣು ತಗ್ಗು, ಒಂದು ಮಗು ಮೊಣಕಾಲು ಮಡಚಿ ಕೂತಷ್ಟು. ಮಟ್ಟ ಮಾಡಿದರೆ ಮಾರನೇ ಬೆಳಿಗ್ಗೆ ಮತ್ತೆ ಹಾಗೇ. ಈಗ ವಿನಯಾ ಆ ಮೂಲೆಯಲ್ಲಿ ಏನೂ ನೆಡುವುದಿಲ್ಲ.

ಸುಳ್ಳು ಅನ್ನುವವರು ಹೋಗಿ ನೋಡಿಕೊಂಡು ಬನ್ನಿ. ವಿನಯಾ ಬೇಡ ಅನ್ನುವವಳಲ್ಲ, ಒಂದು ಕಟ್ಟು ಬಸಳೆಯನ್ನೂ ಕೊಟ್ಟು ಕಳಿಸುತ್ತಾಳೆ. ಹೋದ ಭಾನುವಾರ ನಾನೇ ಹೋಗಿದ್ದೆ. ರಾತ್ರಿಯಿಡೀ ಜಡಿಮಳೆ, ಮೇಲೆ ಚಪ್ಪರ ಇಲ್ಲ, ಸೂರಿಲ್ಲ. ಬಸಳೆಯ ಬುಡವೆಲ್ಲ ಕೆಸರು. ಆ ಮೂಲೆಯನ್ನು ಈ ಕೈಯಿಂದ ಮುಟ್ಟಿ ನೋಡಿದೆ.

ಮಣ್ಣು ಒಣಗಿತ್ತು.