ಹೊಲಿಗೆ ಕಾರ್ಖಾನೆಯ ಮುಂದಿನ ಗೇಟು

ರಾಜಧಾನಿಯ ನಮ್ಮ ಹಳೆಯ ಹೊಲಿಗೆ ಕಾರ್ಖಾನೆಯಲ್ಲಿ ಈಗ ದೂರದ ಒಂದು ವಿಶ್ವವಿದ್ಯಾಲಯ ಶಾಖೆ ತೆರೆದಿದೆ. ಅದರೆದುರಿನ ಬಸ್ ನಿಲ್ದಾಣದಲ್ಲಿ, ನನ್ನ ಪಕ್ಕ, ಅತ್ತಿಗೆ ನಾದಿನಿಯರಿಬ್ಬರು ಮಾತಾಡುತ್ತಿದ್ದರು.

“ಈ ವಯಸ್ಸಲ್ಲಿ ಕಾಲೇಜಾ? ಹುಡುಗ್ರು ನಗ್ತಾರೆ ಕಣೇ,” ಎಂದಳು ಅತ್ತಿಗೆ.

“ನಗಲಿ ಬಿಡಿ. ನಿನ್ನೆ ನಂಗೇ ನಗು ಬಂತು. ಸೀಟು ಕೇಳೋಕೆ ಹೋದವಳು ಹಿಂದಿನ ಗೇಟಲ್ಲಿ ಚೀಲ ಬಿಚ್ಚಿ ಹಿಡ್ಕೊಂಡು ನಿಂತಿದ್ದೆ.”

“ಯಾಕೆ?”

“ಹೊಲಿಯೋರು ಹೋಗಿ ಬರ್ತಿದ್ದಿದ್ದು ಆ ಗೇಟಲ್ಲೇ ತಾನೇ? ಬಟ್ಟೆ ಕದ್ದೀವೇನೋ ಅಂತ ದಿನಾ ಚೀಲ ತಡಕಾಡೋರು.”

“ನಿಮ್ಮಣ್ಣ ಬೇಡ ಅಂದಿದ್ದಾರೆ.”

“ಕಾರ್ಖಾನೆ ಮುಚ್ಚಿ ನಮ್ಮನ್ನ ಬೀದಿಗೆ ಹಾಕಿದಾಗ ಅಣ್ಣ ಬೇಡ ಅಂದಿದ್ನಾ? ಸೀಟು ಕೊಟ್ಟಿದ್ದಾರೆ. ನನ್ನ ಮೆಷಿನ್ ಇದ್ದ ಕಿಟಕಿ ಹತ್ರಾನೇ ಕೂರ್ತೀನಿ.”

“ಬಸ್ ಬಂತು, ಹತ್ತು.”

“ನೀವು ಹತ್ತಿ, ಅತ್ತಿಗೆ.”

ನಾದಿನಿ ಚೀಲದ ಬಾಯಿ ಬಿಗಿದು, ರಸ್ತೆ ದಾಟಿ ಮುಂದಿನ ಗೇಟಿನೊಳಗೆ ನಡೆದಳು. ಕಾರ್ಖಾನೆ ನಡೆದಷ್ಟು ಕಾಲ, ಅದರ ಮಾಲೀಕ ಸಾಹುಕಾರರ ಕಾರು ಬಿಟ್ಟರೆ ಬೇರೆ ಯಾರೂ ಆ ಗೇಟು ದಾಟಿದ್ದನ್ನು ನಾನು ಕಂಡಿರಲಿಲ್ಲ.