ನನ್ನ ಡೊಳ್ಳಿಗೆ ಒಂದು ವೂಫರ್

ಹಲೋ… ಹಲೋ, ಯಾರು ಮಾತಾಡೋದು? ಅರಸೀಕೆರೆ ಸೌಂಡ್ ಅಂಗಡಿಯೇನಪ್ಪಾ? ವಿಜಯಸಾರಥಿಯೋರು ಬೇಕಾಗಿತ್ತು…

…ನೀವೇನಾ? ಥೇಟ್ ನಿಮ್ಮ ತಂದೆಯೋರ ಧ್ವನಿ ಸ್ವಾಮಿ. ಮೇಷ್ಟ್ರೇ ಎದ್ದು ಬಂದು ಫೋನ್ ತಗೊಂಡ್ರೇನೋ ಅಂತ ಒಂದು ಗಳಿಗೆ ಎದೆ ಧಸಕ್ಕಂತು. ನಾನು ಹಗರೆ ಧರ್ಮಪ್ಪ… ಹಾಂ, ಡೊಳ್ಳು ಧರ್ಮಪ್ಪ. ಹಳೇ ಕ್ಯಾಸೆಟ್ ತಂದು ಪೆನ್ ಡ್ರೈವಿಗೆ ಹಾಕಿಸ್ಕೊಂಡು ಹೋದೋನು.

…ಚೆನ್ನಾಗಿದೀನಿ. ಡೈರಿಗೆ ಹಾಲು ಹಾಕಿ ಈಗ ಬಂದೆ. ನಿಮ್ಮ ಅಂಗಡಿ ತೆಗೆಯೋ ಹೊತ್ತು ಅಂತ ಕಾಯ್ತಿದ್ದೆ.

…ಅದೇ, ವೂಫರ್ ವಿಷಯ. ನಮ್ಮ ಮಗ ಬೀರೇಶ ನಿಮ್ಮಲ್ಲಿ ಜೋಡಿ ಪುಟ್ಟ ಸ್ಪೀಕರ್ ತಗೊಂಡು ಬಂದ್ನಲ್ಲ, ದೀಪದ ಗೂಡಲ್ಲಿ ಕೂರೋವಷ್ಟೇ ಇರೋದು. ಅದಕ್ಕೊಂದು ವೂಫರ್, ಆ ದಪ್ಪ ಸದ್ದಿನ ಪೆಟ್ಟಿಗೆ, ಜೋಡಿಸಿದ್ರೆ, ಕೊಟ್ಟ ದುಡ್ಡಿಗೆ ಸಾರ್ಥಕ ಆಯ್ತದಾ, ಇಲ್ವಾ? ಅಷ್ಟು ಹೇಳಿಬಿಡಿ.

…ಅಯ್ಯೋ ಇಲ್ಲ, ಕೆಟ್ಟಿಲ್ಲ. ಚಿನ್ನದಂಥ ಸ್ಪೀಕರು. ತಾಳ ಅಂದ್ರೆ ಎರಡು ಕಂಚು ತಾಕಿದ್ದು ಬೇರೆ ಬೇರೆ ಕೇಳ್ತದೆ. ಗಂಟಲು ಅಂತೂ ಉಸಿರು ಎಳ್ಕೊಂಡಿದ್ದು ಸಮೇತ ಕೇಳ್ತದೆ. ಅದೇ ನನ್ನ ತಕರಾರು.

…ಯಾರ ಗಂಟಲು ಅಂದ್ರೆ? ಕೃಷ್ಣಪ್ಪಂದು. ಇನ್ಯಾರದು.

…ಹೇಳ್ತೀನಿ ಕೇಳಿ. ಮೇಷ್ಟ್ರು ನಮ್ಮೂರ ಸ್ಕೂಲಲ್ಲಿದ್ದಾಗ ಅವರಿದ್ದ ಮನೆ ಜಗಲಿ ಮೇಲೆ ಟೇಪ್ ರೆಕಾರ್ಡರ್ ಇಟ್ಟು ನಮ್ಮ ಬೀರೇದೇವರ ಪದ ಹಿಡಿದ್ರು. ಐದು ಪದ. ಹಾಡಿದೋನು ಕೃಷ್ಣಪ್ಪ. ಡೊಳ್ಳು ಹಾಕ್ಕೊಂಡು ಆರು ಜನ ಹೋಗಿದ್ವಿ. 'ಆರೂ ಬಾರಿಸಿದ್ರೆ ಹಾಡು ಮುಳುಗೋಯ್ತದೆ, ಒಬ್ಬ ಸಾಕು' ಅಂದ್ರು ಮೇಷ್ಟ್ರು. ಆ ಒಬ್ಬ ಯಾರು ಅಂತ ಎಲ್ರೂ ಮುಖ ಮುಖ ನೋಡ್ಕೊಂಡ್ವಿ. ಅವರು ಕೈ ತೋರಿಸಿದ್ದು ನನ್ನ ಕಡೆಗೆ. ಮೂವತ್ತಾರು ವರ್ಷ ಆಯ್ತು ಸ್ವಾಮಿ. ಆ ಬೆರಳು ನನ್ನ ಕಡೆ ತಿರುಗಿದ್ದು ಇವತ್ತಿಗೂ ಕಣ್ಣಲ್ಲೈತೆ.

…ಹೂಂ, ಅಂಥ ಟೇಪು. ಈಗ ಮನೇಲಿ ಹಾಕಿದ್ರೆ ಏನು ಕೇಳ್ತದೆ? ಕೃಷ್ಣಪ್ಪ. ಬರೀ ಕೃಷ್ಣಪ್ಪ. ಪಕ್ಕದ ಬೀದಿ ವಿಶಾಲಮ್ಮ ಬಂದು ಕೂತು ಸೆರಗಲ್ಲಿ ಕಣ್ಣೊರೆಸ್ಕೊಂಡು, 'ಏನ್ ಗಂಟಲು ಕೃಷ್ಣಪ್ಪಣ್ಣಂದು' ಅಂದ್ಲು. ನಾನು ಪಕ್ಕದಲ್ಲೇ ಕೂತಿದೀನಿ. ನನ್ನ ಮೊಮ್ಮಗಳು ಕಾವ್ಯಶ್ರೀ ಏನಂದ್ಲು ಗೊತ್ತಾ? 'ತಾತ, ಹಿಂದೆ ಯಾರೋ ತಗಡು ಕುಟ್ಟುತಾವ್ರೆ.'

…ನಗಬೇಡಿ. ಹಾಂ, ನಗಿ, ಪರವಾಗಿಲ್ಲ. ನಿಮಗೂ ನಗು ಬರೋ ವಿಷಯವೇ.

…ಅದೇ ಅದೇ, ಸರಿಯಾಗಿ ಹಿಡಿದ್ರಿ. ಬಲಗೈಲಿ ಕೋಲು, ಎಡಗೈಲಿ ಬರೀ ಅಂಗೈ. ಕೋಲಿನ ಟಕ ಟಕ ನಿಮ್ಮ ಪುಟ್ಟ ಸ್ಪೀಕರಲ್ಲಿ ಅಷ್ಟೋ ಇಷ್ಟೋ ಬರ್ತದೆ. ಅಂಗೈ ಪೆಟ್ಟು ಬರಲ್ಲ. ಡೊಳ್ಳಿನ ಜೀವ ಇರೋದೇ ಆ ಎಡಗಡೆ. ಗುಡಿ ಮುಂದೆ ನಿಂತು ಬಾರಿಸಿದ್ರೆ ಎದುರಿಗಿರೋನ ಹೊಟ್ಟೆಯೊಳಗೆ ಗುದ್ದಬೇಕು. ಅದು ಎಲ್ಲಿ ಹೋಯ್ತು ಅಂತ ಸ್ಪೀಕರಿಗೆ ಕಿವಿ ಕೊಟ್ಟು ಹುಡುಕಿದೀನಿ ನಾನು.

…ಹಾಂ… ಗಾಳಿ ತಳ್ಳಬೇಕಾ? ದೊಡ್ಡ ಸದ್ದಿಗೆ ದೊಡ್ಡ ಬಾಯಿ ಬೇಕು ಅಂತೀರಿ. ಸರಿ ಸರಿ, ಅರ್ಥ ಆಯ್ತು. ಆ ಕೆಲಸ ವೂಫರ್ ಮಾಡ್ತದೆ, ಪುಟ್ಟವು ಹಾಡು ನೋಡ್ಕೋತವೆ. ಹಂಗಾದ್ರೆ ನನಗೆ ಬೇಕಾಗಿರೋದು ಅದೇ ಅಲ್ವಾ? ಒಂದು ಕಟ್ಟಿಡಿ.

…ಬೇಡವಾ?

…ಯಾಕೆ ಬೇಡ?

…ರೂಮಾ? ಹತ್ತಕ್ಕೆ ಹನ್ನೆರಡಡಿ ನಡುಮನೆ. ಚಿಕ್ಕದಾಯ್ತಾ? ಮೂಲೇಲಿಟ್ರೆ ಗುಂಯ್ ಅಂತದಾ? ಮೂಲೆ ಬಿಟ್ಟು ಒಂದು ಮೊಳ ಈಚೆಗಿಡ್ತೀನಿ. ಮೂಲೇಲಿ ಹೆಂಗೂ ರಾಗಿ ಮೂಟೆ ಐತೆ.

…ಇಲ್ಲ, ಶೀಟಲ್ಲ. ಹಂಚು. ಅದುರಿದ್ರೆ ಅದುರ್ಲಿ ಬಿಡಿ. ಹಸು? ಹಸು ಕೊಟ್ಟಿಗೇಲಿರ್ತವೆ. ಡೊಳ್ಳಿಗೆ ಹೆದರೋ ಹಸು ನಮ್ಮ ಮನೇಲಿ ಹುಟ್ಟೇ ಇಲ್ಲ.

…ಗೊತ್ತು, ಜೋಡಿ ಸ್ಪೀಕರಿಗಿಂತ ಈ ಒಂದು ಪೆಟ್ಟಿಗೇನೇ ಜಾಸ್ತಿ ಅಂತ ಬೀರೇಶನೂ ಹೇಳ್ದ. ನಾನೇನು ಚೌಕಾಸಿ ಮಾಡಿದ್ನಾ?… ಹಳೇ ಟೇಪು, ಅದ್ರಲ್ಲಿ ಇಲ್ದೇ ಇರೋದು ವೂಫರಿಗೂ ಬರಲ್ಲ ಅಂತೀರಿ. ಇಲ್ದೇ ಎಲ್ಲಿಗೆ ಹೋಯ್ತದೆ? ಬಾರಿಸಿದೋನು ನಾನು, ಬಾರಿಸಿದೀನಿ.

…ಇರೇ ತಿಮ್ಮಕ್ಕಾ, ಫೋನಲ್ಲಿದೀನಿ ಕಾಣಲ್ವಾ?… ಏನಿಲ್ಲ ಸ್ವಾಮಿ, ಮನೆಯೋಳು. ಕೃಷ್ಣಪ್ಪ ಬರೋ ಹೊತ್ತಾಯ್ತು, ಹಾಲು ತೆಗೆದಿಡ್ಲಾ ಅಂತ ಕೇಳ್ತವಳೆ. ದಿನಾ ಬರ್ತಾನೆ. ನನ್ನ ಮನೇಲಿ ಕೂತು, ನನ್ನ ಹಸುವಿನ ಹಾಲಿನ ಕಾಫಿ ಕುಡ್ಕೊಂಡು, ಅವನ ಹಾಡು ಅವನೇ ಕೇಳ್ಕೊಂಡು ತಲೆ ತೂಗ್ತಾನೆ. ಅದೂ ಇವಳು ಅವನಿಗೆ ಕೊಡೋದು ದೊಡ್ಡ ಲೋಟದಲ್ಲಿ. ನನಗೆ ಸಣ್ಣದು. ಕೇಳಿದ್ರೆ 'ನಿಮಗೆ ಸಕ್ಕರೆ ಕಾಯಿಲೆ' ಅಂತಾಳೆ.

…ಹಾಂ, ಸ್ನೇಹಿತನೇ. ಒಂದೇ ಬೀದಿ, ಒಂದೇ ವಯಸ್ಸು. ಒಟ್ಟಿಗೆ ಕುರಿ ಕಾಯ್ದೋರು. ಅದಕ್ಕೇ ಜಾಸ್ತಿ ಉರಿಯೋದು ಸ್ವಾಮಿ. ದೂರದೋನಾಗಿದ್ರೆ ಎದ್ದು ಹೋಗ್ತಿದ್ದೆ.

…ಅಲ್ಲ, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಹೋದ ತಿಂಗಳು ಬೀರೇಶ ಬಂದಾಗ ನೀವೇ ಹೇಳಿದ್ರಂತೆ, 'ನಿಮ್ಮಪ್ಪಂಗೆ ಡೊಳ್ಳು ಕೇಳಬೇಕು ಅಂದ್ರೆ ವೂಫರ್ ಹಾಕಿಸಿ, ಬೇರೆ ದಾರಿ ಇಲ್ಲ' ಅಂತ. ಈಗ ರೂಮು ಚಿಕ್ಕದಾಯ್ತು, ಟೇಪು ಹಳೇದಾಯ್ತು. ಅಂಗಡಿ ಇಟ್ಟೋರೇ ಬೇಡ ಬೇಡ ಅಂತೀರಿ. ನಾನು ಓದಿಲ್ಲ, ಮೂರನೇ ಕ್ಲಾಸಿಗೆ ಬಿಟ್ಟೋನು. ಆದ್ರೂ ಅಷ್ಟು ತಿಳೀತದೆ. ಮಧ್ಯೆ ಏನಾಯ್ತು?

…ಏನೂ ಇಲ್ವಾ?… ಯಾರಾದ್ರೂ ಬಂದಿದ್ರಾ ಅಂಗಡಿಗೆ, ನಮ್ಮೂರೋರು?

…ಮಾತು ತಿರುಗಿಸ್ಬೇಡಿ. ಹಂಗಾದ್ರೆ ಬಂದವ್ರೆ.

…ಕೃಷ್ಣಪ್ಪನಾ?

…ನಂಗೊತ್ತಿತ್ತು. ಮಂಗಳವಾರ ಅಲ್ವಾ? ಮಂಗಳವಾರ ಕಾಫಿಗೆ ಬರ್ಲಿಲ್ಲ ಅವನು. ಹಿಂದಿನ ದಿನ ಪೆನ್ ಡ್ರೈವ್ ಇಸ್ಕೊಂಡು ಹೋಗಿದ್ದ. 'ಅರಸೀಕೆರೇಲಿ ತಂಗಿ ಸುವರ್ಣಮ್ಮನ ಮನೇಲಿ ಕೇಳಿಸ್ತೀನಿ ಕಣ್ಲಾ' ಅಂದ. ಕೊಟ್ಟೆ. ತಂಗಿ ಮನೆ ಬಿಟ್ಟು ನಿಮ್ಮ ಅಂಗಡಿಗೆ ಬಂದ್ನಾ?… ವೂಫರಲ್ಲಿ ಹಾಕಿಸ್ಕೊಂಡು ಕೇಳಿದ್ನಾ? ನನಗಿಂತ ಮೊದಲು?

…ನೋಡಿದ್ರಾ, ನನ್ನ ಡೊಳ್ಳನ್ನ ನನಗಿಂತ ಮೊದಲು ಅವನು ಕೇಳ್ದ. ಸರಿ. ಕೇಳಿ, ನಿಮಗೆ ಹೇಳಿಹೋದ, ಧರ್ಮಪ್ಪಂಗೆ ಬೇಡ ಅನ್ನಿ ಅಂತ. ಹೇಳಿದ್ನಾ ಇಲ್ವಾ? ಅದೊಂದು ಹೇಳಿ.

…ಹೇಳ್ದ. ಆಯ್ತು ಬಿಡಿ. ನಾನು ಕೂಗಾಡೋನಲ್ಲ. ಆದ್ರೆ ಇಷ್ಟು ವರ್ಷಕ್ಕೆ ಅವನ ಹೊಟ್ಟೇಲಿ ಇರೋದು ಆಚೆ ಬಂತು ನೋಡಿ. ಊರಲ್ಲಿ ಅವನ ಹಾಡು ಒಂದೇ ಇರ್ಬೇಕು. ಡೊಳ್ಳು ಕೇಳಿಸಿದ್ರೆ ಹಾಡು ಚಿಕ್ಕದಾಯ್ತದೆ ಅಂತ ಭಯ ಬಂತು ಅವನಿಗೆ.

…ಅಲ್ವಾ? ಮತ್ತೇನು?

…ಇಲ್ಲ ಸ್ವಾಮಿ, ನಿಮಗೆ ತಿಳೀದು. ಆ ಟೇಪನ್ನ ಮೇಷ್ಟ್ರು ರೇಡಿಯೋದೋರಿಗೆ ಕಳಿಸಿದ್ರು. ವಾಪಸ್ಸು ಬಂತು, ಜೊತೆಗೊಂದು ಕಾಗದ. ಮೂರನೇ ಪದದ ನಡುವೆ ಹಾಡು ತಪ್ಪೈತೆ, ಇನ್ನೊಂದು ಸಲ ಹಿಡಿದು ಕಳಿಸಿ ಅಂತ. ಅಷ್ಟೊತ್ತಿಗೆ ಮೇಷ್ಟ್ರಿಗೆ ವರ್ಗ ಆಗಿತ್ತು. ಇನ್ನೊಂದು ಸಲ ಯಾರು ಹಿಡಿಯೋರು? ರೇಡಿಯೋದಲ್ಲಿ ಬರೋದು ತಪ್ಪೋಯ್ತು. ತಪ್ಪಿದ್ದು ಯಾರಿಂದ? ಕೃಷ್ಣಪ್ಪನಿಂದ. ಟೇಪಲ್ಲಿ ಈಗ್ಲೂ ಕೇಳ್ತದಲ್ಲ, ಸಾಲು ಅರ್ಧಕ್ಕೆ ತಡವರಿಸ್ತದೆ, ಆಮೇಲೆ ಎದ್ನೋ ಬಿದ್ನೋ ಅಂತ ಹಿಡ್ಕೋತಾನೆ. ಮದುವೆ ಮನೇಲಿ, ಗುಡಿ ಕಟ್ಟೆ ಮೇಲೆ, ಎಲ್ಲಾ ಕಡೆ ಹೇಳಿದೀನಿ ನಾನು. ಅವನ ಎದುರಿಗೇ ಹೇಳಿದೀನಿ. ಒಂದು ದಿನಾನೂ ಅಲ್ಲ ಅನ್ಲಿಲ್ಲ ಅವನು.

…ಏನು?

…ಏನಂದ್ರಿ, ಇನ್ನೊಂದು ಸಲ ಹೇಳಿ.

…ಹೇಳಬೇಡಿ ಅಂದಿದ್ನಾ? ಅಂದಿರ್ಲಿ. ಮೇಷ್ಟ್ರು ಇದ್ದಿದ್ರೆ ನನ್ನ ಮುಂದೆ ಮುಚ್ಚಿಡ್ತಿರ್ಲಿಲ್ಲ. ಹೇಳಿ ಸ್ವಾಮಿ, ನಾನು ಕೂತ್ಕೊಂಡೇ ಕೇಳ್ತೀನಿ.

…ಹಾಂ.

…ಹಾಂ… ಮೂರನೇ ಪದ. ಎರಡೆರಡು ಸಲ ಹಾಕಿಸ್ದ. ಆಮೇಲೆ?

…ಡೊಳ್ಳು ನಿಂತೋಯ್ತಾ? ಹಾಡು ತಪ್ಪೋಕೆ ಮುಂಚೆ?

…ಒಂದು ಪೆಟ್ಟು ಇಲ್ವಾ. ಅಂಗೈ ಪೆಟ್ಟು… ಅದು ಬೀಳದೇ ಇದ್ದಿದ್ದಕ್ಕೆ ಅವನು ತಡವರಿಸಿದ್ದಾ? ನಿಮ್ಮ ಕಿವಿಗೇ ಕೇಳ್ತಾ? ಸರಿಯಾಗಿ?

…ಎಲ್ಲಿ, ಯಾವ ಸಾಲಲ್ಲಿ? ದೇವರು ಹುಟ್ಟಿ ಬಂದ ಅಂತ ಬರ್ತದಲ್ಲ, ಅಲ್ಲೇನಾ?

…ಅಲ್ಲೇ.

…ಇರಿ ಸ್ವಾಮಿ, ಆ ಸಾಲು ಮನಸ್ಸಲ್ಲೇ ಹಾಡ್ಕೊಂಡು ಕೈ ಆಡಿಸಿ ನೋಡ್ತೀನಿ. ಒಂದು ನಿಮಿಷ.

…ಕೈ ಎತ್ತಿದೆ ನಾನು. ಈಗ ನೆನಪಾಯ್ತು ನೋಡಿ. ಬೇರೆ ಎಲ್ಲಾ ನೆನಪಿತ್ತು. ಮೇಷ್ಟ್ರು ಉಟ್ಟಿದ್ದ ಪಂಚೆ ಅಂಚು ನೆನಪಿತ್ತು, ಜಗಲಿ ಮೇಲೆ ಒಣಗಾಕಿದ್ದ ಹುಣಸೆಹಣ್ಣು ನೆನಪಿತ್ತು. ಇದೊಂದು ಇರ್ಲಿಲ್ಲ. ಆ ಸಾಲು ಬಂದ್ರೆ ನಮ್ಮಲ್ಲಿ ಡೊಳ್ಳಿನೋರು ಎಡಗೈ ಎತ್ತಿ ಹಣೆಗೆ ಮುಟ್ಟಿಸ್ಕೋಬೇಕು. ಗುಡಿ ಮುಂದೆ ಆರು ಜನ ಇರ್ತೀವಿ. ಒಬ್ಬ ಎತ್ತಿದಾಗ ಮಿಕ್ಕ ಐದು ಜನ ಬಾರಿಸ್ತಿರ್ತೀವಿ, ಆಮೇಲೆ ಅವನ ಪಕ್ಕದೋನು. ಪೆಟ್ಟು ಹೋಗಿದ್ದು ಯಾರಿಗೂ ಗೊತ್ತಾಗಲ್ಲ. ಆವತ್ತು ಐದು ಜನಾನ ಆ ಕಡೆ ಕೂರಿಸಿದ್ರಲ್ಲ. ನಾನೊಬ್ನೇ. ಹೆಸರು ಬಂತು, ಕೈ ತಾನಾಗೇ ಎದ್ದುಬಿಡ್ತು. ಹುಟ್ಟಿದಾಗಿಂದ ಎತ್ತಿದ ಕೈ, ಟೇಪ್ ರೆಕಾರ್ಡರ್ ಐತೆ ಅಂತ ನಿಂತದಾ?

…ದೇವರಿಗೆ ಮುಗಿದಿದ್ದು ತಪ್ಪಲ್ಲ ಅಂತೀರಿ. ಸರಿ. ಆದ್ರೆ ಅವನು ತಪ್ಪಿದ ಅಂತ ಮೂವತ್ತಾರು ವರ್ಷ ಹೇಳಿದ್ನಲ್ಲ, ಅದು?

…ಅವನು ಎದುರಿಗೇ ನಿಂತಿದ್ದ ಸ್ವಾಮಿ, ನನ್ನ ಮುಖ ನೋಡ್ಕೊಂಡೇ ಹಾಡ್ತಿದ್ದ. ನನ್ನ ಕೈ ಮೇಲೆದ್ದಿದ್ದು ಅವನ ಕಣ್ಣ ಮುಂದೇನೇ. ಪೆಟ್ಟು ಇಲ್ದೇ ಸಾಲು ಜಾರಿದ್ದೂ ಅವನಿಗೆ ಗೊತ್ತು. ಕಟ್ಟೆ ಮೇಲೆ ನಾನು ಅವನ್ನ ಆಡ್ಕೊಂಡು ನಗುವಾಗ ಬೀಡಿ ಸೇದ್ಕೊಂಡು ಸುಮ್ಮನೆ ಕೂತಿರ್ತಿದ್ದ. ಈಗ ನಿಮ್ಮಂಗಡಿಗೆ ಬಂದಿದ್ದೂ ಅದಕ್ಕೇ. ವೂಫರಲ್ಲಿ ಗೊತ್ತಾಯ್ತದಾ ಇಲ್ವಾ ಅಂತ ನೋಡೋಕೆ. ಗೊತ್ತಾಯ್ತದೆ ಅಂತ ಆದ್ಮೇಲೆ ಧರ್ಮಪ್ಪಂಗೆ ಬೇಡ ಅಂದವ್ನೆ.

…ದೊಡ್ಡ ಮನಸ್ಸು ಅಂತೀರಾ? ಹಾಂ, ದೊಡ್ಡ ಮನಸ್ಸೇ. ಅದನ್ನೇ ನಾನು ತಡ್ಕೊಳ್ಳೋಕೆ ಆಗ್ತಿಲ್ಲ. ಹಾಡೋದ್ರಲ್ಲಿ ಅವನೇ ಮೇಲು, ಒಪ್ಪಿದೀನಿ. ಸುಮ್ಮನಿರೋದ್ರಲ್ಲೂ ಅವನೇ ಮೇಲಾಗ್ಬೇಕಾ? ನಾನು ಮಾತೇ ಆಡ್ದೆ ಇರೋನು, ಕಷ್ಟ ಸಹಿಸ್ಕೊಂಡು ಹೋಗೋನು ಅಂತ ಊರಲ್ಲಿ ಒಂದು ಹೆಸರಿತ್ತು ನನಗೆ. ಅದನ್ನೂ ಅವನೇ ತಗೊಂಡ.

…ಬೇಡ ಬೇಡ, ಸಮಾಧಾನ ಹೇಳಬೇಡಿ. ಮಕ್ಕಳಿಗೆ ಹೇಳ್ದಂಗೆ ಹೇಳ್ತೀರಿ.

…ವೂಫರಾ? ಕಟ್ಟಿಡಿ. ಹೂಂ, ಬೇಕು. ನಾಳೆ ಬೀರೇಶನ್ನ ಕರ್ಕೊಂಡು ನಾನೇ ಬತ್ತೀನಿ.

…ಕೇಳ್ಲಿ ಬಿಡಿ. ವಿಶಾಲಮ್ಮನೂ ಕೇಳ್ಲಿ, ಊರೂ ಕೇಳ್ಲಿ. ಮೂರನೇ ಪದ ಬಂದಾಗ ನಾನೇ ನಿಲ್ಲಿಸಿ ತೋರಿಸ್ತೀನಿ, ನೋಡಿ ಇಲ್ಲಿ ಬಿಟ್ಟೋನು ನಾನು ಅಂತ. ಅವನು ಬಾಯಿ ಬಿಡೋಕೆ ಮುಂಚೆ ನಾನೇ ಹೇಳಿಬಿಡ್ಬೇಕು. ಅಷ್ಟಾದ್ರೂ ನನ್ನ ಪಾಲಿಗೆ ಉಳೀಲಿ.

…ಇರಿ, ಇಡಬೇಡಿ. ಒಂದು ಮಾತು… ಹೆಂಗೆ ಕೇಳೋದು. ಮೂರನೇ ಪದ ಬಿಡಿ. ಮಿಕ್ಕ ನಾಲ್ಕು ಪದ ಐತಲ್ಲ, ಅವನ್ನೂ ಹಾಕಿಸಿದ್ನಾ ಅವನು?

…ಎಲ್ಲಾ ಕೇಳಿದ್ನಾ? ಕೊನೇತನಕ?

…ಅದ್ರಲ್ಲಿ ನನ್ನ ಡೊಳ್ಳು… ಏನಾದ್ರೂ ಅಂದ್ನಾ?

…ಅಂದ್ನಾ! ಏನಂತ?

…ಹಲೋ… ಗೊರಗೊರ ಅಂತೈತೆ, ಇರಿ, ಜಗಲಿಗೆ ಬತ್ತೀನಿ… ಹಾಂ, ಈಗ ಹೇಳಿ. ನನ್ನ ಎಡಗೈ ಕೇಳಿ ಕೃಷ್ಣಪ್ಪ ಏನಂದ?

…ಹಲೋ? 'ಧರ್ಮಪ್ಪನ ಕೈ'… ಆಮೇಲೆ? ಧರ್ಮಪ್ಪನ ಕೈ ಅಂದ್ರೆ, ಏನು? ಅಲ್ಲಿಂದಾಚೆಗೆ ಕೇಳ್ಲಿಲ್ಲ ಸ್ವಾಮಿ… ಹಲೋ… ಸ್ವಾಮಿ, ಅವನು ಏನಂ…